ಸೇರು ಬೇಳೆ, ಮೂರು ಸೇರು ಬೆಲ್ಲ

ಅಜ್ಜಿಯ ನೋಟ್‌ಬುಕ್ಕಿನ ರಟ್ಟು ಯಾವತ್ತೋ ಕಳಚಿಹೋಗಿದೆ. ಮೊದಲ ಹಾಳೆಯಲ್ಲಿ ಯಾರಿಗೋ ಕೊಟ್ಟ ಕೈಗಡದ ಲೆಕ್ಕ. ಎರಡನೆಯದರಲ್ಲಿ ಯಾವುದೋ ಮಗು ಹುಟ್ಟಿದ ವಾರ, ನಕ್ಷತ್ರ. ಮೂರನೆಯ ಹಾಳೆಗೆ ಬಂದರೆ ಹೋಳಿಗೆ: ‘ಕಡ್ಲೆಬೇಳೆ ವಂದು ಸೇರು, ಬೆಲ್ಲ ಮೂರು ಸೇರು, ಯಾಲಕ್ಕಿ ಎರಡಾಣೆದು.’ ಅಷ್ಟೇ. ಬೇಳೆ ಎಷ್ಟು ಬೇಯಬೇಕು, ಕಣಕ ಎಷ್ಟು ಹೊತ್ತು ನೆನೆಯಬೇಕು ಎಂಬುದು ಅದರಲ್ಲಿಲ್ಲ. ಅದನ್ನೆಲ್ಲ ಬರೆದಿಡಬೇಕು ಎಂದು ಅವಳಿಗೆ ಅನ್ನಿಸಿರಲಾರದು. ಕೈಗೆ ಗೊತ್ತಿರುವುದನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಮರೆತುಹೋಗುವುದು ಅಳತೆ ಒಂದೇ.

ಮೂರು ವರ್ಷದ ಹಿಂದಿನ ಯುಗಾದಿಗೆ, ಬೆಂಗಳೂರಿನ ಮನೆಯಲ್ಲಿ, ಅಜ್ಜಿಯ ಲೆಕ್ಕದಲ್ಲೇ ಹೋಳಿಗೆ ಆಗಲಿ ಎಂದು ನಾನೇ ಹಟ ಹಿಡಿದೆ. ಸೇರು ಎಂದರೆ ಹೆಚ್ಚುಕಡಿಮೆ ಲೀಟರ್ ಅಲ್ಲವೇ? ಲೀಟರಿನ ಡಬ್ಬದಲ್ಲಿ ಒಂದು ಡಬ್ಬ ಬೇಳೆ ಬೇಯಿಸಿ ಬಸಿದದ್ದಾಯಿತು. ಅದೇ ಡಬ್ಬದಲ್ಲಿ ಪುಡಿಬೆಲ್ಲ ಒಂದು, ಎರಡು, ಮೂರು. ಎರಡನೆಯ ಡಬ್ಬ ಸುರಿಯುವಾಗಲೇ ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು, ಮಾತಾಡಲಿಲ್ಲ. ಹೂರಣ ಗಟ್ಟಿಯಾಗಲೇ ಇಲ್ಲ. ಮಗುಚಿದಷ್ಟೂ ನೀರಾಯಿತು, ಕಾಯಿಸಿದಷ್ಟೂ ಪಾಕವಾಯಿತು. ಕೊನೆಗೆ ಅದಕ್ಕೆ ಹಾಲು, ತೆಂಗಿನಕಾಯಿ, ಇನ್ನಷ್ಟು ಬೇಳೆ ಸೇರಿಸಿ ಪಾಯಸ ಎಂದು ಹೆಸರಿಟ್ಟು ಮಹಡಿಯ ಅಷ್ಟೂ ಮನೆಗಳಿಗೆ ಹಂಚಿದೆವು. ಹಬ್ಬಕ್ಕೆ ಹೋಳಿಗೆ ಅಂಗಡಿಯಿಂದ ಬಂತು.

ಅಜ್ಜಿಗೆ ಸಿಹಿ ಎಂದರೆ ಅಷ್ಟು ಪ್ರಾಣವೇ? ಅಥವಾ ಬರೆಯುವಾಗ ಕೈತಪ್ಪಿತೇ? ಉತ್ತರ ಗೊತ್ತಿದ್ದವರು ಒಬ್ಬರೇ ಉಳಿದಿದ್ದರು: ದೇವಸಮುದ್ರದಲ್ಲಿರುವ ದೊಡ್ಡಮ್ಮ.

ಚಳ್ಳಕೆರೆ ದಾಟಿ ಬಳ್ಳಾರಿ ಹೆದ್ದಾರಿ ಹಿಡಿದರೆ ಎರಡೂ ಬದಿ ಶೇಂಗಾ ಹೊಲಗಳು, ಮಧ್ಯೆ ಮಧ್ಯೆ ಬಂಡೆಗುಡ್ಡಗಳು. ಮಳೆ ಬಂದ ವರ್ಷ ಹಸಿರು, ಬಾರದ ವರ್ಷ ಬರೀ ಗಾಳಿ. ದೇವಸಮುದ್ರ ಮೊಳಕಾಲ್ಮುರು ತಾಲ್ಲೂಕಿನ ಹೋಬಳಿ. ಹೆದ್ದಾರಿ ಮೇಲಿನ ರಾಂಪುರವೂ ಈ ಹೋಬಳಿಯದೇ. ಇತ್ತ ಬಳ್ಳಾರಿ, ಅತ್ತ ಆಂಧ್ರದ ರಾಯದುರ್ಗ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಎಷ್ಟೋ ಮನೆಗಳಲ್ಲಿ ಒಂದೇ ವಾಕ್ಯದೊಳಗೆ ಎರಡೂ. ಹೆಸರಿನಲ್ಲಿ ಸಮುದ್ರವಿದ್ದರೂ ಊರಿನ ಚಿಂತೆಯೆಲ್ಲ ನೀರಿನದೇ.

ದೊಡ್ಡಮ್ಮನಿಗೆ ಕಥೆ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ‘ಅಯ್ಯೋ ಹುಚ್ಚಪ್ಪಾ, ಬೆಲ್ಲ ಯಾರಾದ್ರೂ ಪಾವಿನಾಗೆ ಅಳೀತಾರೇನೋ? ಬೆಲ್ಲದ ಸೇರು ಬ್ಯಾರೆ ಐತೆ, ಬ್ಯಾಳೆ ಸೇರು ಬ್ಯಾರೆ ಐತೆ. ಅದು ತಕ್ಕಡಿದು, ಇದು ಅಳತೇದು.’

ಆ ಒಂದು ಮಾತಿನಲ್ಲಿ ನನ್ನ ಹೂರಣ ಏಕೆ ಕೆಟ್ಟಿತು ಎಂಬುದರ ಜೊತೆಗೆ, ನಮ್ಮ ಸೀಮೆಯ ನೂರಾರು ವರ್ಷದ ವ್ಯವಹಾರವೂ ಅಡಗಿತ್ತು.

ಮೈಸೂರು ಸೀಮೆಯಲ್ಲಿ ಸೇರು ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಮಾನಗಳಿದ್ದವು. ತಕ್ಕಡಿಯ ಸೇರು, ಅಂದರೆ ಕಚ್ಚಾ ಸೇರು, 24 ರೂಪಾಯಿ ತೂಕ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತು, ಇಂದಿನ ಲೆಕ್ಕಕ್ಕೆ 11.66 ಗ್ರಾಂ. ಇಪ್ಪತ್ತನಾಲ್ಕು ರೂಪಾಯಿ ಎಂದರೆ 280 ಗ್ರಾಂ. ಇಂಥ ಐದು ಸೇರು ಸೇರಿದರೆ ಒಂದು ವೀಸೆ, ಒಂದು ಕಿಲೋ ನಾನೂರು ಗ್ರಾಂ. ಎಂಟು ವೀಸೆ ಒಂದು ಮಣ, ಹನ್ನೊಂದು ಕಿಲೋ ಚಿಲ್ಲರೆ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ಹತ್ತಿ, ಅಂಟುವಂಥವು, ಗಂಟು ಕಟ್ಟುವಂಥವು, ಪಾವಿಗೆ ತುಂಬಿದರೆ ಸಂದಿನಲ್ಲಿ ಗಾಳಿಯೇ ಹೆಚ್ಚು ಉಳಿಯುವಂಥವು, ಎಲ್ಲವೂ ತಕ್ಕಡಿಗೆ. ಕಾಳುಕಡಿ, ಅಕ್ಕಿ, ಬೇಳೆ, ರಾಗಿ, ನವಣೆ ಹೀಗೆ ಸುರಿದರೆ ಹರಿಯುವಂಥವು ಅಳತೆಗೆ. ಅಳತೆಯ ಸೇರಿಗೆ ಎರಡು ಅಚ್ಚೇರು, ನಾಲ್ಕು ಪಾವು, ಹದಿನಾರು ಚಟಾಕು. ನೂರು ಸೇರಿಗೆ ಒಂದು ಪಲ್ಲ.

ದೊಡ್ಡಮ್ಮ ದೇವರ ಗೂಡಿನ ಕೆಳಗಿಂದ ಹಿತ್ತಾಳೆಯ ಪಾವು ತೆಗೆದರು. ಅಂಚು ಸವೆದು ನಯವಾಗಿದೆ, ತಳ ಒಂದು ಕಡೆ ನೆಗ್ಗಿದೆ. ಆ ನೆಗ್ಗು ತಳದೊಳಗೆ ಒಂದು ಹಿಡಿಯನ್ನು ನುಂಗಿದೆಯೇ ಎಂದು ಕೇಳಿದ್ದಕ್ಕೆ, ‘ಅದು ನನ್ ಮದುವೆಗಿಂತ ಮುಂಚೆನೇ ಹಂಗೇ ಐತೆ’ ಎಂದರು. ನಾಲ್ಕು ಪಾವು ನೀರು ಅಳೆದು ಲೀಟರಿನ ಜಗ್ಗಿಗೆ ಹುಯ್ದೆ. ಜಗ್ಗು ತುಂಬಿ ತುಸು ಹೊರಗೆ ಚೆಲ್ಲಿತು. ಬ್ಯಾಗಿನಲ್ಲಿ ತಂದಿದ್ದ ಡಿಜಿಟಲ್ ತಕ್ಕಡಿಯ ಮೇಲೆ ನಾಲ್ಕು ಪಾವು ಕಡಲೆಬೇಳೆ ಇಟ್ಟೆ. ಒಂಬೈನೂರು ಗ್ರಾಮಿನ ಹತ್ತಿರ ಬಂತು. ಇನ್ನು ಬೆಲ್ಲ: ಮೂರು ಕಚ್ಚಾ ಸೇರು, ಮೂರು ಇನ್ನೂರೆಂಬತ್ತಲಿ ಎಂಟುನೂರ ನಲವತ್ತು.

ಹೆಚ್ಚುಕಡಿಮೆ ಬೇಳೆಯ ತೂಕದಷ್ಟೇ ಬೆಲ್ಲ. ಇಂದು ಯಾವ ಅಡುಗೆಯವರನ್ನು ಕೇಳಿದರೂ ಹೂರಣಕ್ಕೆ ಹೇಳುವ ಪ್ರಮಾಣ ಇದೇ. ಅಜ್ಜಿ ಕೈತಪ್ಪಿರಲಿಲ್ಲ. ಒಂದು ಎಂದಾಗ ಅಳತೆಯ ಸೇರು, ಮೂರು ಎಂದಾಗ ತಕ್ಕಡಿಯ ಸೇರು. ಯಾವುದಕ್ಕೆ ಯಾವುದು ಎಂದು ಬರೆಯುವ ಅಗತ್ಯವೇ ಇರಲಿಲ್ಲ, ಬೆಲ್ಲವನ್ನು ಪಾವಿನಲ್ಲಿ ಅಳೆಯುವ ಮೊಮ್ಮಗ ಹುಟ್ಟುತ್ತಾನೆಂದು ಅವಳಿಗೇನು ಗೊತ್ತು?

ಇಷ್ಟು ಸಾಲದು ಎಂಬಂತೆ ಮೂರನೆಯ ಸೇರೂ ಒಂದಿತ್ತು. ರೈಲ್ವೆಯವರು, ಉತ್ತರದ ವರ್ತಕರು ಬಳಸುತ್ತಿದ್ದ 80 ತೊಲದ ಸೇರು, 933 ಗ್ರಾಂ. ಅದರ ನಲವತ್ತಕ್ಕೆ ಬಂಗಾಳಿ ಮಣ, 37 ಕಿಲೋ 324 ಗ್ರಾಂ. ಅಂದರೆ ಮೈಸೂರಿನ ಮೂರು ಮಣಕ್ಕಿಂತ ದೊಡ್ಡದು. ಇನ್ನು ಗಡಿ ಊರಿನ ಪಾಡು ಬೇರೆಯೇ. ದೇವಸಮುದ್ರ ಮೈಸೂರು ಸಂಸ್ಥಾನದ್ದು. ಬಳ್ಳಾರಿ, ರಾಯದುರ್ಗ ಮದರಾಸು ಪ್ರಾಂತ್ಯದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಅಲ್ಲಿಯವರೆಗೆ ಇಲ್ಲಿನ ರೈತ ಸಂತೆಗೆ ಹೋಗುವುದೆಂದರೆ ಒಂದು ಸರ್ಕಾರದ ಸೇರಿನಿಂದ ಇನ್ನೊಂದು ಸರ್ಕಾರದ ಪಡಿಗೆ, ಕನ್ನಡದ ಪಾವಿನಿಂದ ತೆಲುಗಿನ ಸೋಲ, ಗಿದ್ದೆಗಳಿಗೆ ದಾಟುವುದು. ಕಿಲೋ ಎಷ್ಟು ಕಪ್ಪು ಎಂದು ಇಂದು ಮೊಬೈಲಿನಲ್ಲಿ ಹುಡುಕುವವರಿಗೆ ತಾವೇನೋ ಹೊಸ ತಾಪತ್ರಯದಲ್ಲಿದ್ದೇವೆ ಅನ್ನಿಸಬಹುದು. ಈ ಸೀಮೆಯ ಹೆಂಗಸರು ಆ ಲೆಕ್ಕವನ್ನು ಎರಡು ಭಾಷೆಯಲ್ಲಿ, ಬಾಯಲ್ಲೇ ಮಾಡುತ್ತಿದ್ದರು.

ಪಾರ್ಲಿಮೆಂಟು ಮೆಟ್ರಿಕ್ ಕಾನೂನು ಮಾಡಿದ್ದು 1956ರಲ್ಲಿ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು, 1958ರ ಅಕ್ಟೋಬರ್‌ನಿಂದ ಕಿಲೋ ಬರತೊಡಗಿತು. ಅರವತ್ತರ ದಶಕದ ಮೊದಲ ವರ್ಷಗಳು ಕಳೆಯುವ ಹೊತ್ತಿಗೆ ಸೇರು, ವೀಸೆ, ಮಣಗಳು ಕಾನೂನಿನ ಕಣ್ಣಿನಲ್ಲಿ ಸತ್ತುಹೋಗಿದ್ದವು. ಅಡುಗೆಮನೆಯಲ್ಲಿ ಮಾತ್ರ ತಕ್ಕಡಿಯ ಸೇರು ಸತ್ತಿತು, ಅಳತೆಯ ಸೇರು ಉಳಿಯಿತು. ಲೀಟರಿನ ಡಬ್ಬಕ್ಕೇ ಸೇರು ಎಂದು, ಕಾಲು ಲೀಟರಿಗೆ ಪಾವು ಎಂದು ಹೆಸರಿಟ್ಟು ಜನ ಮುಂದೆ ಹೋದರು. ಹಳೆಯ ಸೇರು ತುಸು ದೊಡ್ಡದಿತ್ತು ಎಂಬುದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಇಲ್ಲೇ ಒಂದು ಸುಳ್ಳು ಹುಟ್ಟಿಕೊಂಡದ್ದು: ‘ಸೇರು ಅಂದರೆ ಕಿಲೋ.’ ನೀರಿಗೆ ಹೇಳಿದರೆ ಸರಿ, ಲೀಟರ್ ನೀರು ಕಿಲೋ ತೂಗುತ್ತದೆ. ಉಳಿದ ಯಾವ ಪದಾರ್ಥಕ್ಕೂ ಈ ಮಾತು ನಿಲ್ಲುವುದಿಲ್ಲ. ದೊಡ್ಡಮ್ಮನ ಅಡುಗೆಮನೆಯಲ್ಲಿ ಕೂತು ಆ ಮಧ್ಯಾಹ್ನ ಒಂದೊಂದನ್ನೇ ಲೀಟರಿನ ಅಳತೆಗೆ ತುಂಬಿ, ಅಂಗೈಯಿಂದ ಒರೆಸಿ, ತೂಗಿದೆ. ಅಕ್ಕಿ 850 ಗ್ರಾಂ. ಸಕ್ಕರೆಯೂ ಸುಮಾರು ಅಷ್ಟೇ. ತೊಗರಿಬೇಳೆ ಅದಕ್ಕಿಂತ ಕೂದಲೆಳೆ ಕಡಿಮೆ. ನವಣೆ ಅಕ್ಕಿ 800ರ ಆಸುಪಾಸು, ರಾಗಿ ಇನ್ನೊಂದು ಚೂರು ಹಗುರ. ಶೇಂಗಾ ಬೀಜ 620. ಪುಡಿಉಪ್ಪು ಮಾತ್ರ ಕಿಲೋ ದಾಟಿ 1,200ಕ್ಕೆ ನಿಂತಿತು. ಅಡುಗೆಮನೆಯಲ್ಲಿ ನೀರನ್ನು ಮೀರಿಸುವ ಪದಾರ್ಥಗಳು ಬಹಳಿಲ್ಲ. ಉಪ್ಪು, ಜೇನುತುಪ್ಪ, ಬೆಲ್ಲದ ಪಾಕ. ಹಾಲು ನೂರಕ್ಕೆ ಮೂರು ಪಾಲು ಹೆಚ್ಚು.

ಮಂಡಕ್ಕಿ ತುಂಬಿಸಿ ಇಟ್ಟಾಗ ದೊಡ್ಡಮ್ಮನ ಮೊಮ್ಮಗಳು ತಕ್ಕಡಿ ಕೆಟ್ಟಿದೆ ಎಂದಳು. ಒಂದು ಸೇರು ಮಂಡಕ್ಕಿ ನೂರು ಗ್ರಾಂ ಮುಟ್ಟುವುದೂ ಕಷ್ಟ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಹಿಡಿದು ನಮ್ಮ ಸಂತೆಯವರೆಗೆ ಅದನ್ನು ಇವತ್ತಿಗೂ ಸೇರಿನಲ್ಲಿ ಅಳೆದು ಮಾರುವುದು ಹಳೆಯ ಚಟದಿಂದಲ್ಲ. ಮಳೆಗಾಲದ ತೇವ ಕುಡಿದ ಮಂಡಕ್ಕಿ ತೂಕಕ್ಕೆ ಹೆಚ್ಚು ಬರುತ್ತದೆ, ತಿನ್ನಲು ಕೆಡುತ್ತದೆ. ತೂಗಿ ಮಾರಿದರೆ ಮೆತ್ತಗಾದ ಮಂಡಕ್ಕಿಗೇ ಹೆಚ್ಚು ದುಡ್ಡು! ಅಳೆದು ಮಾರಿದರೆ ಕೊಳ್ಳುವವನಿಗೆ ಸಿಗುವುದು ಅವನು ನಿಜಕ್ಕೂ ಕೊಳ್ಳಲು ಬಂದದ್ದು: ಉಬ್ಬು.

ಎಲ್ಲಕ್ಕಿಂತ ದೊಡ್ಡ ಮೋಸಗಾರ ಹಿಟ್ಟು. ಜರಡಿ ಹಿಡಿದು ಸಡಿಲವಾಗಿ ಬೀಳಲು ಬಿಟ್ಟ ಗೋಧಿಹಿಟ್ಟು ಲೀಟರಿಗೆ ಐನೂರು ಗ್ರಾಂ. ಅದೇ ಡಬ್ಬವನ್ನು ಚೀಲದೊಳಗೆ ಅದ್ದಿ, ಕಟ್ಟೆಗೆ ಎರಡು ಸಲ ಕುಟ್ಟಿ ತುಂಬಿದರೆ ಆರುನೂರು ದಾಟುತ್ತದೆ. ಡಬ್ಬ ಅದೇ, ಹಿಟ್ಟು ಅದೇ, ನಡುವೆ ಐದರಲ್ಲೊಂದು ಪಾಲು ವ್ಯತ್ಯಾಸ. ರಾಗಿಹಿಟ್ಟಿಗೂ ಇದೇ ಹಣೆಬರಹ. ಗಿರಣಿಯಿಂದ ಬಿಸಿಬಿಸಿ ತಂದ ದಿನ ಉಬ್ಬಿಕೊಂಡಿರುತ್ತದೆ, ವಾರ ಕಳೆದರೆ ಡಬ್ಬದಲ್ಲಿ ಕುಸಿದು ಕೂತಿರುತ್ತದೆ. ಹಾಗಾಗಿ ಒಂದು ಕಪ್ಪು ಹಿಟ್ಟು ಇಷ್ಟೇ ಗ್ರಾಂ ಎಂದು ಯಾರಾದರೂ ಆಣೆ ಮಾಡಿ ಹೇಳಿದರೆ, ಆ ಕಪ್ಪನ್ನು ಯಾರು ತುಂಬಿದರು ಎಂದು ಮೊದಲು ಕೇಳಬೇಕು. ಅಮೆರಿಕದಲ್ಲಿ ಈ ಗೊಂದಲಕ್ಕೆ ಕಡಿವಾಣ ಹಾಕಹೊರಟವರು ಬೋಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್. 1896ರಲ್ಲಿ ಬಂದ ಆಕೆಯ ಪುಸ್ತಕ ಕಪ್ಪು, ಚಮಚಗಳನ್ನು ಚಾಕುವಿನಿಂದ ಸಮ ಮಾಡಿ ಒರೆಸಬೇಕೆಂದು ಪಾಠ ಹೇಳಿತು. ಆ ದೇಶ ಇವತ್ತಿಗೂ ಕಪ್ಪಿಗೆ ಅಂಟಿಕೊಂಡಿದೆ, 237 ಮಿಲಿಲೀಟರಿನ ಕಪ್ಪಿಗೆ. ಆಸ್ಟ್ರೇಲಿಯಾದ ಕಪ್ಪು 250. ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಲೋಟ 180, ಅದು ಜಪಾನಿನ ಹಳೆಯ ಅಕ್ಕಿ ಅಳತೆ. ನಮ್ಮ ಕನ್ನಡದ ಹುಡುಗಿಯೊಬ್ಬಳು ನ್ಯೂಜೆರ್ಸಿಯಲ್ಲಿ ಕೂತು, ಜಪಾನಿನ ಲೋಟದಲ್ಲಿ ಅಕ್ಕಿ ಅಳೆದು, ಅಮೆರಿಕದ ಕಪ್ಪಿನಲ್ಲಿ ಬೇಳೆ ಅಳೆದು, ಫೋನಿನಲ್ಲಿ ಅಮ್ಮ ಹೇಳುವ ಪಾವಿನ ಲೆಕ್ಕಕ್ಕೆ ಬಿಸಿಬೇಳೆಬಾತು ಮಾಡುತ್ತಿದ್ದರೆ, ರಾಯದುರ್ಗದ ಸಂತೆಗೆ ಹೋಗುತ್ತಿದ್ದ ಅವಳ ಮುತ್ತಜ್ಜಿಗೂ ಅವಳಿಗೂ ಏನು ವ್ಯತ್ಯಾಸ?

ಈಗ ಎಣ್ಣೆಯ ಮಾತು, ಚಳ್ಳಕೆರೆಯ ಪಕ್ಕದಲ್ಲಿ ನಿಂತು ಎಣ್ಣೆ ಬಿಟ್ಟರೆ ಹೇಗೆ? ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು ಅದು. ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ ಕಿಲೋ ಲೆಕ್ಕದಲ್ಲಿ ಬಿಡಿ ಎಣ್ಣೆ ಕೊಡುವ ಅಂಗಡಿಯ ದರವನ್ನೂ ಲೀಟರ್ ಪ್ಯಾಕೆಟ್ಟಿನ ದರವನ್ನೂ ನೇರ ಹೋಲಿಸುವಂತಿಲ್ಲ. ಕಿಲೋ ಕೊಂಡವನಿಗೆ ಲೀಟರ್ ಮೇಲೆ ನೂರು ಮಿಲಿ ಸಿಕ್ಕಿರುತ್ತದೆ. ಇದು ಗೊತ್ತಿರುವ ವಿಷಯವೇ. ಗೊತ್ತಿಲ್ಲದೆ ನಡೆಯುತ್ತಿದ್ದುದು ಇನ್ನೊಂದು. ಎಣ್ಣೆ ಕಾದರೆ ಹಿಗ್ಗುತ್ತದೆ. 21 ಡಿಗ್ರಿಯಲ್ಲಿ ಒಂದು ಲೀಟರ್ ಸೋಯಾ ಎಣ್ಣೆ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 893 ಗ್ರಾಂ ಕೂಡ ತುಂಬುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ 60 ಡಿಗ್ರಿಯಲ್ಲಿ ಎಂದು ಬರೆದು ಲೀಟರ್ ಎಂದು ಮಾರಿದರೆ, ಮನೆಗೆ ಬರುವ ಎಣ್ಣೆ ಇಪ್ಪತ್ತಾರು ಗ್ರಾಂ ಕಡಿಮೆ. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಡಿಗ್ರಿಯ ಆಟ ನಿಲ್ಲಿಸಿ, ಅಳತೆಯ ಜೊತೆ ತೂಕವನ್ನೂ ಬರೆಯುವಂತೆ ತಯಾರಕರಿಗೆ ಹೇಳಿತು. ಈಗ ಪ್ಯಾಕೆಟ್ ತಿರುಗಿಸಿದರೆ ಎರಡೂ ಸಂಖ್ಯೆ ಕಾಣುತ್ತವೆ. ಎರಡನ್ನೂ ಓದುವವರು ಎಷ್ಟು ಮಂದಿ, ಅದು ಬೇರೆ ಮಾತು.

ಕೊಡುವ ಅಳತೆ ಒಂದು, ತೆಗೆದುಕೊಳ್ಳುವ ಅಳತೆ ಇನ್ನೊಂದು ಎಂಬ ಈ ವಿದ್ಯೆ ಎಷ್ಟು ಹಳೆಯದು ಎಂದು ತಿಳಿಯಲು ಮೈಸೂರಿಗೆ ಹೋಗಬೇಕು. ಅಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟಿನಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ದ್ರೋಣ ಎಂಬ ಅಳತೆಯ ವಿವರ ಇದೆ. ಇನ್ನೂರು ಪಲ ತೂಕದ ಉದ್ದಿನಕಾಳು ಹಿಡಿಸುವ ಪಾತ್ರೆ ಒಂದು ದ್ರೋಣ. ಆದರೆ ಅದು ಅರಮನೆಯ ಕಣಜಕ್ಕೆ ಧಾನ್ಯ ತೆಗೆದುಕೊಳ್ಳುವಾಗ. ವ್ಯಾಪಾರಕ್ಕೆ 187½ ಪಲದ ದ್ರೋಣ, ಸಂಬಳವಾಗಿ ಧಾನ್ಯ ಕೊಡುವಾಗ 175ರದ್ದು, ಅಂತಃಪುರಕ್ಕೆ 162½ರದ್ದು. ನಾಲ್ಕಕ್ಕೂ ಹೆಸರು ದ್ರೋಣವೇ. ಗ್ರಂಥದಲ್ಲಿ ಇದು ಮೋಸ ಎಂದಿಲ್ಲ, ನಿಯಮ ಎಂದಿದೆ. ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಅಳತೆಯನ್ನು ಕಟ್ಟಿದ ಬಗೆ. ಬರೀ ಇಷ್ಟು ದೊಡ್ಡ ಪಾತ್ರೆ ಎನ್ನಲಿಲ್ಲ, ಇಷ್ಟು ತೂಕದ ಉದ್ದು ಹಿಡಿಸುವ ಪಾತ್ರೆ ಎಂದರು. ತೂಕ, ಅಳತೆ ಎರಡನ್ನೂ ಒಂದು ಕಾಳಿನ ಹೆಸರಿನಲ್ಲಿ ಗಂಟು ಹಾಕಿದರು. ಕಾಳು ಯಾವುದು ಎಂದು ಹೇಳದೆ ತೂಕವನ್ನು ಅಳತೆಗೆ ತಿರುಗಿಸಲಾಗದು ಎಂದು ಅವರಿಗೆ ಗೊತ್ತಿತ್ತು.

ಅದೇ ಗ್ರಂಥದ ಉಗ್ರಾಣದ ಅಧ್ಯಾಯದಲ್ಲಿ ಇನ್ನೊಂದು ಲೆಕ್ಕ. ಹಾರಕ, ಪ್ರಿಯಂಗು ಮುಂತಾದವು ಬೆಂದರೆ ಮೂರು ಪಟ್ಟು, ಸಾಮಾನ್ಯ ಅಕ್ಕಿ ನಾಲ್ಕು ಪಟ್ಟು, ಶಾಲಿ ಎಂಬ ಒಳ್ಳೆಯ ಅಕ್ಕಿ ಐದು ಪಟ್ಟು. ಪ್ರಿಯಂಗು ಎಂದರೆ ನಮ್ಮ ನವಣೆ. ಇದನ್ನು ದೊಡ್ಡಮ್ಮನಿಗೆ ಹೇಳಿದೆ. ‘ನವಣೆ ಅಷ್ಟೇ ಉಬ್ಬೋದು, ಸರಿಯಾಗೇ ಹೇಳ್ಯಾನೆ’ ಎಂದು ಕೌಟಿಲ್ಯನಿಗೆ ಸರ್ಟಿಫಿಕೇಟು ಕೊಟ್ಟರು. ಉಣ್ಣುವವರು ಇಷ್ಟು ಜನ, ಬಟ್ಟಲು ಇಷ್ಟು ದೊಡ್ಡದು, ಹಾಗಾದರೆ ಕಾಳು ಎಷ್ಟು ಹಾಕಬೇಕು? ಈ ಪ್ರಶ್ನೆಗೆ ತೂಕ ಉತ್ತರ ಕೊಡುವುದಿಲ್ಲ. ಒಲೆಯ ಮೇಲಿನ ಪಾತ್ರೆಗೆ ತಿಳಿಯುವುದು ಜಾಗ ಒಂದೇ.

ಕಣದಲ್ಲೂ ಹಾಗೆಯೇ ಇತ್ತು. ರಾಶಿ ಪೂಜೆ ಆಗಿ ಅಳೆಯಲು ಕೂತರೆ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎಣಿಕೆ ಶುರುವಾಗುವುದು ಎರಡರಿಂದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹೊಲದ ವಿಸ್ತೀರ್ಣವನ್ನೂ ಅದರಲ್ಲೇ ಹೇಳುತ್ತಿದ್ದರು: ಇಷ್ಟು ಖಂಡುಗ ಬೀಜ ಬಿತ್ತುವ ನೆಲ ಎಂದು. ಅಳೆಯಲು ಕೊಳಗವೂ ಇಲ್ಲದಿದ್ದರೆ? ಅದಕ್ಕೂ ಲೆಕ್ಕವಿತ್ತು. ಭಾಸ್ಕರಾಚಾರ್ಯನ 1150ರ ‘ಲೀಲಾವತಿ’ಯಲ್ಲಿ ರಾಶಿ ವ್ಯವಹಾರ ಎಂದೇ ಒಂದು ಭಾಗವಿದೆ. ನೆಲದ ಮೇಲೆ ಸುರಿದ ರಾಶಿಯ ಸುತ್ತಳತೆಯನ್ನು ಮೊಳದಲ್ಲಿ ಹಿಡಿ. ದಪ್ಪ ಕಾಳಾದರೆ ರಾಶಿಯ ಎತ್ತರ ಸುತ್ತಳತೆಯ ಹತ್ತನೆಯ ಒಂದು, ಸಣ್ಣ ಕಾಳಾದರೆ ಹನ್ನೊಂದನೆಯ ಒಂದು, ಮುಳ್ಳುಳ್ಳ ಧಾನ್ಯವಾದರೆ ಒಂಬತ್ತನೆಯ ಒಂದು. ಸುತ್ತಳತೆಯ ಆರನೆಯ ಒಂದು ಪಾಲನ್ನು ಅದರಿಂದಲೇ ಗುಣಿಸಿ, ಮತ್ತೆ ಎತ್ತರದಿಂದ ಗುಣಿಸಿದರೆ ಘನಮೊಳ ಸಿಕ್ಕಿತು. ಒಂದು ಘನಮೊಳಕ್ಕೆ ಒಂದು ಖಾರಿ.

ಕಾಗದದ ಮೇಲೆ ಒಂದು ರಾಗಿ ರಾಶಿ ಹಾಕಿಕೊಂಡು ನೋಡಿದೆ. ಸುತ್ತಳತೆ 22 ಮೊಳ. ರಾಗಿ ಸಣ್ಣ ಕಾಳು, ಎತ್ತರ 2 ಮೊಳ. ಲೆಕ್ಕ ಹಾಕಿದರೆ 27 ಘನಮೊಳಕ್ಕೆ ಚೂರು ಕಡಿಮೆ. ಮೊಳಕ್ಕೆ 45 ಸೆಂಟಿಮೀಟರ್ ಹಿಡಿದು, ಲೀಟರಿಗೆ 780 ಗ್ರಾಂ ರಾಗಿ ಎಂದರೆ ರಾಶಿಯ ತೂಕ ಸುಮಾರು 19 ಕ್ವಿಂಟಲ್. ತಕ್ಕಡಿ ಮುಟ್ಟದೆ, ಒಂದು ಹಗ್ಗದಿಂದ! ಇದರ ಗುಟ್ಟು ಕಾಳು ಜಾರುವ ಗುಣದಲ್ಲಿದೆ. ನುಣ್ಣನೆಯ ಸಣ್ಣ ಕಾಳು ಬೇಗ ಜಾರಿ ರಾಶಿ ತಗ್ಗಾಗುತ್ತದೆ, ಮುಳ್ಳಿನ ಧಾನ್ಯ ಒಂದಕ್ಕೊಂದು ಸಿಕ್ಕಿಕೊಂಡು ರಾಶಿ ಕಡಿದಾಗಿ ನಿಲ್ಲುತ್ತದೆ. ಭಾಸ್ಕರಾಚಾರ್ಯನ ಮೂರು ಅಂಕಿಗಳನ್ನು ಕೋನಕ್ಕೆ ತಿರುಗಿಸಿದರೆ 30ರಿಂದ 35 ಡಿಗ್ರಿಯೊಳಗೆ ಬರುತ್ತವೆ. ಇಂದಿನ ಕೃಷಿ ಎಂಜಿನಿಯರುಗಳು ಕಣಜ ಕಟ್ಟುವಾಗ ಹಿಡಿಯುವ ಕೋನಗಳೂ ಇವೇ ಆಸುಪಾಸಿನವು.

ಮೊಳಕಾಲ್ಮುರು ಕಡೆಯ ಒಂದು ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಮನೆಗೆ ಅದೇ ಸಲ ಹೋಗಿದ್ದೆ. ಸರ್ಕಾರದ ಆದೇಶ ಗ್ರಾಮಿನಲ್ಲಿದೆ: ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ, ಆರರಿಂದ ಎಂಟಕ್ಕೆ ಎಲ್ಲವೂ ಒಂದೂವರೆ ಪಟ್ಟು. ಹಾಜರಿ ಬಂದದ್ದು ಹತ್ತು ಗಂಟೆಗೆ. ಚಿಕ್ಕವರು 63. ಅಂದರೆ ಆರು ಕಿಲೋ ಮುನ್ನೂರು ಗ್ರಾಂ ಅಕ್ಕಿ. ಅಡುಗೆಯಮ್ಮ ತಕ್ಕಡಿ ಹತ್ತಿರ ಹೋಗಲಿಲ್ಲ. ಲೀಟರಿನ ಅಲ್ಯುಮಿನಿಯಂ ಡಬ್ಬವೊಂದರಲ್ಲಿ ಏಳು ಸಲ ತುಂಬಿ ಸುರಿದು, ಎಂಟನೆಯದನ್ನು ಅರ್ಧಕ್ಕೆ ನಿಲ್ಲಿಸಿದರು. ನಾನು ಆಚೆ ಬಂದು ಲೆಕ್ಕ ಹಾಕಿದೆ: 6,300ನ್ನು 850ರಿಂದ ಭಾಗಿಸಿದರೆ ಏಳು ಪಾಯಿಂಟ್ ನಾಲ್ಕು.

ಹೇಗೆ ಗೊತ್ತು ಅಮ್ಮಾ ಎಂದರೆ, ‘ಮೊದಲ್ನೇ ವರ್ಸ ತೂಗಿದ್ವಿ. ಆಮೇಲೆ ಡಬ್ಬಕ್ಕೇ ಗೊತ್ತಾತು’ ಎಂದರು. ಹೊಸ ಅಕ್ಕಿ ಬಂದಾಗ? ‘ಅವತ್ತು ಒಂದು ಸಲ ತೂಗ್ತೀವಿ.’ ಕಾಳು ಬದಲಾದಾಗ ತೂಗು, ಆಮೇಲೆ ಅಳೆ. ತೂಕ ಕೊಳ್ಳುವವರದು, ಅಳತೆ ಬೇಯಿಸುವವರದು. ಇಬ್ಬರನ್ನೂ ಒಂದೇ ಕಟ್ಟೆಗೆ ಕೂರಿಸಲು ದಿನಾ ಪಂಚಾಯಿತಿ ಬೇಕಿಲ್ಲ, ಮೂಟೆ ಬಿಚ್ಚಿದ ದಿನ ಒಂದು ಸಲ ಸಾಕು. ಕೋಷ್ಟಕಗಳನ್ನು ಗೋಡೆಗೆ ಅಂಟಿಸಿಕೊಳ್ಳುವವರಿಗಿಂತ ಈ ಅಡುಗೆಯಮ್ಮನ ದಾರಿ ಮೇಲು ಎಂದು ನನಗೆ ಅನ್ನಿಸಿದೆ. ಕೋಷ್ಟಕದ ಅಕ್ಕಿ ಬೇರೆ ಯಾರದೋ ಮನೆಯದು.

ಊರಿನ ಹೆಂಗಸರು ಇದನ್ನು ತಿರುವಿಯೂ ಬಳಸುತ್ತಾರೆ. ಪಡಿತರದ ಅಕ್ಕಿ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗಿ ಬರುತ್ತದೆ, ಮನೆಯಲ್ಲಿ ಸೇರಿನಿಂದ ಅಳೆದು ಡ್ರಮ್ಮಿಗೆ ಬೀಳುತ್ತದೆ. ಐದು ಕಿಲೋ ಅಕ್ಕಿ ಲೀಟರಿನ ಸೇರಿನಲ್ಲಿ ಆರಕ್ಕೆ ಬಂದು ಮುಟ್ಟಬೇಕು. ಐದೂವರೆಗೆ ನಿಂತರೆ ತಕ್ಕಡಿಯ ಕೆಂಪು ಅಂಕಿ ಏನೇ ಹೇಳಿರಲಿ, ಮರುದಿನ ಮಾತು ಬೀದಿಗೆ ಬರುತ್ತದೆ.

ಆಧುನಿಕ ಅಡುಗೆಯವರು, ಮುಖ್ಯವಾಗಿ ಕೇಕು, ಬ್ರೆಡ್ಡು ಮಾಡುವವರು, ಅಳತೆ ಬಿಡಿ, ಎಲ್ಲವನ್ನೂ ತೂಗಿ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ, ಅವರದು ಹಿಟ್ಟಿನ ಲೋಕ. ಆದರೆ ಮುದ್ದೆಗೆ ಹಿಟ್ಟು ತೂಗುವುದನ್ನು ನೆನೆಸಿಕೊಳ್ಳಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಎಂಬ ಲೆಕ್ಕದಲ್ಲಿ ಲೋಟ ಎಷ್ಟು ದೊಡ್ಡದು ಎಂಬುದು ಲೆಕ್ಕಕ್ಕೇ ಇಲ್ಲ. ಸ್ಟೀಲಿನದಾಗಲಿ, ಹಿತ್ತಾಳೆಯದಾಗಲಿ, ತಳ ನೆಗ್ಗಿದ್ದಾಗಲಿ, ಎರಡಕ್ಕೂ ಅದೇ ಲೋಟವಾದರೆ ಮುಗಿಯಿತು. ನವಣೆಗೆ ಒಂದಕ್ಕೆ ಎರಡೂವರೆ ನೀರು, ಅಲ್ಲೂ ಅಷ್ಟೇ. ದೊಡ್ಡಮ್ಮನ ಪಾವಿನ ನೆಗ್ಗು ಅರವತ್ತು ವರ್ಷ ಒಂದು ಅನ್ನವನ್ನೂ ಕೆಡಿಸದಿರುವುದು ಇದಕ್ಕೇ. ಉಪ್ಪು, ಖಾರದ ಪಾಡು ಬೇರೆ, ಅವು ಕೈಯವು. ಕಲ್ಲುಪ್ಪು ಹಿಡಿಯುವ ಕೈಗೆ ಪುಡಿಉಪ್ಪು ಸಿಕ್ಕರೆ ಸಾರು ಕೆಡುತ್ತದೆ. ಹರಳಿನ ನಡುವಿನ ಗಾಳಿ ಪುಡಿಯಲ್ಲಿ ಇರುವುದಿಲ್ಲ. ಪ್ಯಾಕೆಟ್ ಉಪ್ಪು ಮನೆಗೆ ಬಂದ ಹೊಸದರಲ್ಲಿ ಅಜ್ಜಿಯ ಸಾರು ಒಂದು ತಿಂಗಳು ಉಪ್ಪುಪ್ಪಾಗಿತ್ತಂತೆ. ಹಿಡಿ ಅದೇ ಇತ್ತು, ಹಿಡಿಯೊಳಗಿನದು ಬದಲಾಗಿತ್ತು.

ಹೊರಡುವ ಮುನ್ನ ದೊಡ್ಡಮ್ಮನ ಕೈಯಲ್ಲೇ ಹೋಳಿಗೆ ಆಯಿತು. ನಾಲ್ಕು ಪಾವು ಕಡಲೆಬೇಳೆ, 840 ಗ್ರಾಂ ಬೆಲ್ಲ. ಬೆಲ್ಲವನ್ನು ನಾನು ತೂಗಿ ಕೊಟ್ಟೆ. ಅವರು ಅದನ್ನು ತಟ್ಟೆಯಲ್ಲಿ ಒಂದು ಸಲ ನೋಡಿ, ಮೂಲೆಯಿಂದ ಒಂದು ಚೂರು ಮುರಿದು ಪಕ್ಕಕ್ಕಿಟ್ಟರು. ಬೆಲ್ಲ ಹೊಸದು, ಸಿಹಿ ಜಾಸ್ತಿ ಐತೆ ಎಂದರು. ಹೂರಣ ಗಟ್ಟಿಯಾಗಿ ಬಂತು, ಕೈಗೆ ಅಂಟಲಿಲ್ಲ.

ನೋಟ್‌ಬುಕ್ಕಿನ ಸಾಲಿನಲ್ಲಿ ಇನ್ನೊಂದು ಬಾಕಿ ಇತ್ತು. ಎರಡಾಣೆಯನ್ನು ನಯಾಪೈಸೆಗೆ ತಿರುಗಿಸಿದರೆ ಹನ್ನೆರಡೂವರೆ ಪೈಸೆ ಎಂಬಲ್ಲಿಗೆ ನನ್ನ ಗಣಿತ ಮುಗಿದಿತ್ತು.

‘ದೊಡ್ಡಮ್ಮ, ಎರಡಾಣೆ ಯಾಲಕ್ಕಿ ಅಂದ್ರೆ ಎಷ್ಟು?’

ಹೋಳಿಗೆ ಮಗುಚುತ್ತಿದ್ದವರು ತಿರುಗಿ ನೋಡಲೂ ಇಲ್ಲ. ‘ಅವತ್ತು ಶೆಟ್ರು ಎಷ್ಟು ಕಟ್ಟಿ ಕೊಟ್ರೋ ಅಷ್ಟು ಕಣಪ್ಪಾ.’